ಊರು ಬಿಟ್ಟ ತಂಡ

ರಾಜ್ಯವೊಂದು ಅಳಿದರೆ ಅದರ ರಾಜನ ಕಥೆಯನ್ನು ಚರಿತ್ರೆಕಾರರು ಬರೆಯುತ್ತಾರೆ. ಅವನ ದಂಡಿನಲ್ಲಿದ್ದ ಆಳುಗಳು ಮರುದಿನ ಎತ್ತ ಹೋದರು, ಹೇಗೆ ಹೊಟ್ಟೆ ಹೊರೆದರು ಎಂದು ವಿಚಾರಿಸುವವರು ಕಡಮೆ. ಆಟದ ತಂಡಗಳ ಗತಿಯೂ ಅಷ್ಟೆ. ಗೆದ್ದ ಪಂದ್ಯಗಳ ಲೆಕ್ಕ ಪುಸ್ತಕದಲ್ಲಿ ಉಳಿಯುತ್ತದೆ. ತಂಡವೇ ಊರು ಬಿಟ್ಟ ಮೇಲೆ ಅದರಲ್ಲಿ ಆಡಿದವರು, ಆಡಿಸಿದವರು ಏನಾದರೆಂಬ ಸುದ್ದಿ ಗಾಳಿಗೆ ಚದುರಿಹೋಗುತ್ತದೆ. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ‘ರಾಯಲ್ಸ್’ ಎಂಬ ಬೇಸ್‌ಬಾಲ್ ತಂಡವೊಂದಿತ್ತು. 1960ರ ಆಟದ ಋತು ಮುಗಿದ ಮೇಲೆ ಅದು ಆ ಊರಿನಿಂದ ಹೊರಟುಹೋಯಿತು. ಆ ತಂಡದ ಜನರ ಬೆನ್ನುಹತ್ತಿ ಹೋದರೆ ದೊರೆಯುವ ಕಥೆ ತಂಡದ ಕಥೆಗಿಂತ ದೊಡ್ಡದು.

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ಹಾಗೆ ದಾಂಡು ಚೆಂಡುಗಳ ಆಟ. ಅಮೆರಿಕನ್ನರಿಗೆ ಅದು ಆಟವೂ ಹೌದು, ದೊಡ್ಡ ಉದ್ಯಮವೂ ಹೌದು. ಅದರಲ್ಲಿ ಎರಡು ಅಂತಸ್ತು. ಮೇಲಿನದು ಮೇಜರ್ ಲೀಗ್. ಮಹಾನಗರಗಳ ತಂಡಗಳು ಅಲ್ಲಿ ಆಡುತ್ತವೆ. ಕೆಳಗಿನದು ಮೈನರ್ ಲೀಗ್. ಅದರೊಳಗೂ ಹಲವು ಮೆಟ್ಟಿಲುಗಳು. ಬ್ರಾಂಚ್ ರಿಕಿ ಎಂಬ ಚಾಣಾಕ್ಷ ಆಡಳಿತಗಾರ ಈ ಕೆಳಗಿನ ತಂಡಗಳನ್ನು ಮೇಲಿನ ತಂಡಗಳ ಶಾಖೆಗಳನ್ನಾಗಿ ಮಾಡುವ ಪದ್ಧತಿಯನ್ನು ಬೆಳೆಸಿದ. ಇದಕ್ಕೆ ‘ಫಾರ್ಮ್’ ಪದ್ಧತಿ, ಎಂದರೆ ಹೊಲದ ಪದ್ಧತಿ ಎಂದು ಹೆಸರು. ಹೆಸರು ತಕ್ಕದ್ದೇ. ಎಳೆಯ ಆಟಗಾರರನ್ನು ಚಿಕ್ಕ ಊರುಗಳಲ್ಲಿ ಬಿತ್ತಿ, ಬೆಳೆದವರನ್ನು ಕೊಯ್ದು ಮಹಾನಗರದ ಕಣಜಕ್ಕೆ ಸಾಗಿಸುವುದು. ಮಾಂಟ್ರಿಯಲ್ 1939ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಹೊಲವಾಗಿತ್ತು. ಅದೂ ಮೇಲಿನಿಂದ ಎರಡನೆಯ ಮೆಟ್ಟಿಲಿನ ಹೊಲ.

ಇದರಿಂದ ಊರಿನವರಿಗೆ ಒದಗುವ ಪಾಡನ್ನು ಯೋಚಿಸಿ ನೋಡಬೇಕು. ಚೆನ್ನಾಗಿ ಆಡುವವನು ಬೇಗ ಹೋಗುತ್ತಾನೆ. ಎಷ್ಟು ಚೆನ್ನಾಗಿ ಆಡಿದರೆ ಅಷ್ಟು ಬೇಗ. ವರ್ಷಗಟ್ಟಲೆ ಉಳಿದು ಊರಿಗೆ ಬಳಕೆಯವನಾಗುವವನು ಮೇಲೆ ಹತ್ತಲಾರದವನು. ಮಾಂಟ್ರಿಯಲ್ಲಿನ ಜನ ಇಬ್ಬರನ್ನೂ ಪ್ರೀತಿಸಿದರು.

ಮೂವರಲ್ಲಿ ಒಬ್ಬ

ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಕರಿಯ ಜನಾಂಗದವರಿಗೆ ಬಾಗಿಲು ಮುಚ್ಚಿದ್ದ ಆಟದಲ್ಲಿ ಮೊದಲ ಕದ ತೆರೆದದ್ದು ಈ ತಂಡದಿಂದಲೇ. ರಿಕಿ ಜಾಕಿ ರಾಬಿನ್‌ಸನ್‌ನನ್ನು ಆರಿಸಿ, ಬ್ರೂಕ್ಲಿನ್ನಿಗೆ ತರುವ ಮೊದಲು ಒಂದು ವರ್ಷ ಮಾಂಟ್ರಿಯಲ್ಲಿಗೆ ಕಳುಹಿಸಿದ. 1946ರ ಏಪ್ರಿಲ್ 18ರಂದು ಜರ್ಸಿ ಸಿಟಿಯಲ್ಲಿ ನಡೆದ ಮೊದಲ ಪಂದ್ಯದಲ್ಲಿಯೇ ರಾಬಿನ್‌ಸನ್ ಒಂದು ಹೋಂ ರನ್ ಸೇರಿ ನಾಲ್ಕು ಹಿಟ್ ಹೊಡೆದ. ರಾಯಲ್ಸ್ 14–1ರಿಂದ ಗೆದ್ದಿತು. ಫ್ರೆಂಚ್ ಮಾತಾಡುವವರ ಬೀದಿಯೊಂದರಲ್ಲಿ ಅವನೂ ಅವನ ಹೆಂಡತಿ ರೇಚಲ್‌ಳೂ ಬಾಡಿಗೆಗಿದ್ದರು. ಆಕೆ ಬಸುರಿ. ಯುದ್ಧ ಮುಗಿದಿದ್ದರೂ ರೇಷನ್ ಇನ್ನೂ ಮುಗಿಯದ ಕಾಲ. ನೆರೆಹೊರೆಯ ಹೆಂಗಸರು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದಿದ್ದರೂ, ತಮ್ಮ ಪಾಲಿನ ರೇಷನ್ ಚೀಟಿಗಳನ್ನು ತಂದು ಆಕೆಗೆ ಕೊಟ್ಟರು. ಆ ವರ್ಷದ ಕೊನೆಯ ಸರಣಿಯಲ್ಲಿ ಅಮೆರಿಕದ ದಕ್ಷಿಣದ ಲೂಯಿವಿಲ್ ಪಟ್ಟಣದ ಪ್ರೇಕ್ಷಕರು ರಾಬಿನ್‌ಸನ್‌ನನ್ನು ಹೀಯಾಳಿಸಿದ ಸುದ್ದಿ ಊರಿಗೆ ಮುಟ್ಟಿತು. ಲೂಯಿವಿಲ್ ತಂಡ ಮಾಂಟ್ರಿಯಲ್ಲಿಗೆ ಬಂದಾಗ ಅದರ ಒಬ್ಬೊಬ್ಬ ಆಟಗಾರನನ್ನೂ ಊರಿನವರು ಬಡ್ಡಿ ಸಮೇತ ಕೂಗಿ ಹಂಗಿಸಿದರು. ರಾಯಲ್ಸ್ ಸರಣಿಯನ್ನು 4–2ರಿಂದ ಗೆದ್ದಿತು.

ಇಷ್ಟು ಲೋಕಕ್ಕೆ ಗೊತ್ತು. ಆ ವರ್ಷ ರಾಬಿನ್‌ಸನ್ ಒಬ್ಬನೇ ಇರಲಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ನ್ಯೂ ಆರ್ಲಿಯನ್ಸಿನ ಜಾನ್ ರೈಟ್ ಎಂಬ ಕರಿಯ ಪಿಚರ್, ಅಂದರೆ ಚೆಂಡೆಸೆಯುವವನು, ಅವನೊಡನೆಯೇ ತಂಡಕ್ಕೆ ಸೇರಿದ್ದ. ಎರಡೇ ಪಂದ್ಯಗಳಲ್ಲಿ ಅವನಿಗೆ ಎಸೆಯುವ ಅವಕಾಶ ಸಿಕ್ಕಿತು. ಆಮೇಲೆ ಅವನನ್ನು ಕೆಳಗಿನ ಮೆಟ್ಟಿಲಿನ ತ್ರುವಾ ರಿವಿಯೇರ್ ಎಂಬ ಊರಿಗೆ ಕಳುಹಿಸಿದರು. ಅವನ ಜಾಗಕ್ಕೆ ಬಂದ ರಾಯ್ ಪಾರ್ಟ್ಲೊ ಮೂವತ್ತು ದಾಟಿದ ಅನುಭವಸ್ಥ. ಕೆಲವು ವಾರಗಳಲ್ಲಿ ಅವನೂ ಅದೇ ದಾರಿ ಹಿಡಿದ. ಇಬ್ಬರೂ ಸೇರಿ ಆ ಚಿಕ್ಕ ಊರಿಗೆ ಆ ವರ್ಷದ ಲೀಗ್ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟರು. ಮರುವರ್ಷ ರಾಬಿನ್‌ಸನ್ ಬ್ರೂಕ್ಲಿನ್ನಿಗೆ ಹೋಗಿ ಚರಿತ್ರೆಯಾದ. ರೈಟ್ ಕರಿಯರದೇ ಆದ ಹಳೆಯ ಲೀಗಿಗೆ, ತಾನು ಹಿಂದೆ ಆಡಿದ್ದ ಹೋಮ್‌ಸ್ಟೆಡ್ ಗ್ರೇಸ್ ತಂಡಕ್ಕೆ ಹಿಂದಿರುಗಿದ. ಒಂದೇ ಬಾಗಿಲಲ್ಲಿ ಮೂವರು ನಿಂತಿದ್ದರು; ದಾಟಿದವನು ಒಬ್ಬ. ಉಳಿದಿಬ್ಬರಲ್ಲಿ ಆಟ ಕಡಮೆಯಿತ್ತೋ, ಅವರ ಹೆಗಲ ಮೇಲಿನ ಭಾರ ಹೆಚ್ಚಾಗಿತ್ತೋ ಎಂಬುದನ್ನು ಎರಡು ಪಂದ್ಯಗಳ ಲೆಕ್ಕ ನೋಡಿ ತೀರ್ಮಾನಿಸುವುದು ನ್ಯಾಯವಲ್ಲ.

ಅವರನ್ನು ಆಡಿಸಿದ ಕ್ಲೇ ಹಾಪರ್ ಮಿಸಿಸಿಪಿಯವನು. ಕರಿಯ ಆಟಗಾರನನ್ನು ತನ್ನ ತಂಡಕ್ಕೆ ಕೊಡಬೇಡಿರೆಂದು ರಿಕಿಯನ್ನು ಬೇಡಿಕೊಂಡವನು. ಋತು ಮುಗಿದಾಗ ಅವನೇ ರಾಬಿನ್‌ಸನ್‌ನ ಕೈಹಿಡಿದು, ಅವನು ದೊಡ್ಡ ಆಟಗಾರನೂ ಸಭ್ಯ ಮನುಷ್ಯನೂ ಹೌದೆಂದು ಒಪ್ಪಿಕೊಂಡ. ಹಾಪರ್ 1949ರವರೆಗೆ ಮಾಂಟ್ರಿಯಲ್ಲಿನಲ್ಲಿದ್ದು, ಬಳಿಕ ಬೇರೆ ಬೇರೆ ಮೈನರ್ ತಂಡಗಳನ್ನು ನಡೆಸಿದ. ಮೇಜರ್ ಲೀಗಿನ ತಂಡವೊಂದರ ಹೊಣೆ ಅವನಿಗೆ ಕೊನೆಗೂ ಬರಲಿಲ್ಲ.

ಹೊಲ ಮಾರಿದ್ದು

ತಂಡ ಹೋದದ್ದು ಹೇಗೆ? 1949ರಲ್ಲಿ ಮೈನರ್ ಲೀಗುಗಳು 59 ಇದ್ದವು; 1960ರ ಹೊತ್ತಿಗೆ ಅದರ ಅರ್ಧವೂ ಉಳಿದಿರಲಿಲ್ಲ. ಮನೆಮನೆಗೆ ಟೆಲಿವಿಷನ್ ಬಂದು, ಮಹಾನಗರದ ಆಟವನ್ನು ಕುರ್ಚಿಯಲ್ಲಿ ಕುಳಿತೇ ನೋಡಬಹುದಾದಾಗ, ಚಿಕ್ಕ ಊರಿನ ಆಟಕ್ಕೆ ಟಿಕೆಟ್ಟು ಕೊಳ್ಳುವವರು ಕಡಮೆಯಾದರು. ಮಾಂಟ್ರಿಯಲ್ಲಿಗೆ ಇದರ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಡಾಡ್ಜರ್ಸ್ ತಂಡದ ಒಡೆಯ ವಾಲ್ಟರ್ ಓಮ್ಯಾಲಿ 1957ರ ನಂತರ ತನ್ನ ತಂಡವನ್ನೇ ಬ್ರೂಕ್ಲಿನ್ನಿನಿಂದ ಕಿತ್ತು, ಖಂಡದ ಆ ತುದಿಯ ಲಾಸ್ ಏಂಜಲೀಸಿಗೆ ಒಯ್ದ. ಮೊದಲು ನ್ಯೂಯಾರ್ಕಿಗೂ ಮಾಂಟ್ರಿಯಲ್ಲಿಗೂ ಒಂದು ರಾತ್ರಿಯ ರೈಲು ಪ್ರಯಾಣ. ಈಗ ನಡುವೆ ಒಂದು ಖಂಡ. ಲಾಸ್ ಏಂಜಲೀಸಿನಲ್ಲಿ ಮೊದಲಿನಿಂದಿದ್ದ ಮೈನರ್ ತಂಡ ಜಾಗ ಬಿಟ್ಟು ಸ್ಪೋಕೇನ್ ಎಂಬ ಊರು ಸೇರಿ, ಅದೂ ಡಾಡ್ಜರ್ಸ್ ಹೊಲವೇ ಆಯಿತು. ಹತ್ತಿರದಲ್ಲಿ ಒಂದು ಹೊಲವಿರುವಾಗ ದೂರದ್ದು ಯಾರಿಗೆ ಬೇಕು? 1960ರ ಋತುವಿನೊಡನೆ ಡಾಡ್ಜರ್ಸ್ ಕೈಬಿಟ್ಟಿತು. ಲೀಗಿನಲ್ಲಿ ರಾಯಲ್ಸ್ ತಂಡಕ್ಕಿದ್ದ ಸ್ಥಾನ 1961ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸಿರಕ್ಯೂಸ್ ಊರಿಗೆ ಹೋಯಿತು. ಆಟಗಾರರ ಕರಾರುಗಳು ಡಾಡ್ಜರ್ಸ್‌ನವು. ಹೀಗೆ ತಂಡ ಒಂದು ದಿಕ್ಕು, ಜನ ಒಂದು ದಿಕ್ಕು.

ಚದುರಿದವರು

ಹೋದವರಲ್ಲಿ ಎಲ್ಲರೂ ಒಂದೇ ದಾರಿ ಹಿಡಿದವರಲ್ಲ. 1948ರಿಂದ 1950ರವರೆಗೆ ಇಲ್ಲಿ ಆಡಿದ ಚಕ್ ಕಾನರ್ಸ್ ಮುಂದೆ ಚಲನಚಿತ್ರ ನಟನಾಗಿ, ‘ದಿ ರೈಫಲ್‌ಮನ್’ ಎಂಬ ಟೆಲಿವಿಷನ್ ಮಾಲೆಯಿಂದ ಮನೆಮಾತಾದ. 1954ರಲ್ಲಿ ಪೋರ್ಟೊ ರಿಕೊದಿಂದ ಬಂದ ಹತ್ತೊಂಬತ್ತು ವರ್ಷದ ರಾಬರ್ಟೊ ಕ್ಲೆಮೆಂಟೆಯನ್ನು ಹೆಚ್ಚಾಗಿ ಬೆಂಚಿನ ಮೇಲೆಯೇ ಕೂರಿಸಿದ್ದರು. ಅವನಿಗೆ ಹತ್ತು ಸಾವಿರ ಡಾಲರು ಮುಂಗಡ ಕೊಟ್ಟಿದ್ದರು. ಅಷ್ಟು ಹಣ ಪಡೆದವನನ್ನು ಕೆಳಗಿನ ಲೀಗಿನಲ್ಲಿ ಇಟ್ಟರೆ ಬೇರೆ ತಂಡ ವರ್ಷದ ಕೊನೆಗೆ ಎತ್ತಿಕೊಂಡು ಹೋಗಬಹುದೆಂಬ ನಿಯಮವಿತ್ತು. ಪಿಟ್ಸ್‌ಬರ್ಗ್ ತಂಡ ನಾಲ್ಕು ಸಾವಿರ ಡಾಲರಿಗೆ ಎತ್ತಿಕೊಂಡು ಹೋಯಿತು. ಮೂರು ಸಾವಿರ ಹಿಟ್ ಹೊಡೆದ ಆ ಮಹಾ ಆಟಗಾರ 1972ರ ಡಿಸೆಂಬರ್ 31ರಂದು, ಭೂಕಂಪದಿಂದ ನೊಂದ ನಿಕರಾಗ್ವದ ಜನರಿಗೆ ನೆರವಿನ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡ.

ಆದರೆ ಈ ತಂಡದ ನಿಜವಾದ ಫಲ ಎದ್ದು ಕಾಣುವುದು ಇನ್ನು ಮೂವರಲ್ಲಿ. ಅವರಲ್ಲಿ ಯಾರೂ ಮೇಜರ್ ಲೀಗಿನಲ್ಲಿ ಆಟಗಾರರಾಗಿ ಗೆದ್ದವರಲ್ಲ. ವಾಲ್ಟರ್ ಆಲ್ಸ್ಟನ್ ಆ ಲೀಗಿನಲ್ಲಿ ಆಡಿದ್ದು 1936ರಲ್ಲಿ ಒಂದೇ ಒಂದು ಪಂದ್ಯ. ದಾಂಡು ಹಿಡಿದದ್ದು ಒಂದು ಸಲ, ಔಟಾದದ್ದೂ ಆ ಸಲವೇ. ಚಳಿಗಾಲದಲ್ಲಿ ಒಹೈಯೊದಲ್ಲಿ ಶಾಲೆಯ ಮೇಷ್ಟರಾಗಿದ್ದುಕೊಂಡು, 1950ರಿಂದ 1953ರವರೆಗೆ ರಾಯಲ್ಸ್ ತಂಡವನ್ನು ನಡೆಸಿದ. ಆಮೇಲೆ ಡಾಡ್ಜರ್ಸ್ ಅವನನ್ನು ಮ್ಯಾನೇಜರನಾಗಿ ಕರೆಯಿತು. ವರ್ಷವರ್ಷವೂ ಒಂದೊಂದೇ ವರ್ಷದ ಕರಾರು. ಅಂಥ ಇಪ್ಪತ್ತಮೂರು ಕರಾರುಗಳಿಗೆ ರುಜು ಹಾಕಿ, 1955ರಲ್ಲಿ ಬ್ರೂಕ್ಲಿನ್ನಿಗೆ ಅದರ ಏಕೈಕ ವರ್ಲ್ಡ್ ಸೀರೀಸ್ ಪ್ರಶಸ್ತಿಯನ್ನೂ, ಬಳಿಕ ಲಾಸ್ ಏಂಜಲೀಸಿಗೆ ಮೂರನ್ನೂ ಗೆದ್ದುಕೊಟ್ಟ.

ಜಾರ್ಜ್ ‘ಸ್ಪಾರ್ಕಿ’ ಆಂಡರ್‌ಸನ್ 1956ರಲ್ಲಿ, ಮತ್ತೆ 1958ರಲ್ಲಿ ಇಲ್ಲಿ ಆಡಿದ. ಮೇಜರ್ ಲೀಗಿನಲ್ಲಿ ಅವನಿಗೆ ದೊರೆತದ್ದು 1959ರ ಒಂದು ವರ್ಷ ಮಾತ್ರ. ಆದರೆ ಮ್ಯಾನೇಜರನಾಗಿ ಸಿನ್ಸಿನಾಟಿಗೆ 1975, 1976ರಲ್ಲಿಯೂ ಡೆಟ್ರಾಯಿಟಿಗೆ 1984ರಲ್ಲಿಯೂ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟು, ಎರಡು ಲೀಗುಗಳಲ್ಲೂ ಆ ಪ್ರಶಸ್ತಿ ಪಡೆದ ಮೊದಲಿಗನಾದ.

ಮೂರನೆಯವನು ಟಾಮಿ ಲಸೋರ್ಡ. ರಾಯಲ್ಸ್ ತಂಡದ ಚರಿತ್ರೆಯಲ್ಲಿ ಇವನಷ್ಟು ಪಂದ್ಯ ಗೆದ್ದ ಪಿಚರ್ ಇನ್ನೊಬ್ಬನಿಲ್ಲ, 107 ಗೆಲವು. ಮೇಜರ್ ಲೀಗಿನಲ್ಲಿ ಅವನ ಗೆಲವು ಸೊನ್ನೆ, ಸೋಲು ನಾಲ್ಕು. 1955ರಲ್ಲಿ ಬ್ರೂಕ್ಲಿನ್ ತಂಡ ಅವನನ್ನು ಕೆಳಕ್ಕೆ ಕಳುಹಿಸಿ, ಆ ಜಾಗದಲ್ಲಿ ಸ್ಯಾಂಡಿ ಕೂಫ್ಯಾಕ್ಸ್ ಎಂಬ ಹುಡುಗನನ್ನು ಇಟ್ಟುಕೊಂಡಿತು. ಆ ಹುಡುಗ ಮುಂದೆ ಯುಗಪುರುಷನಾದ. ಆದ್ದರಿಂದ ಲಸೋರ್ಡ ದೂರುವಂತೆಯೂ ಇರಲಿಲ್ಲ. ಮಾಂಟ್ರಿಯಲ್ಲಿನ ಕೊನೆಯ ಋತುವಾದ 1960ರ ನಡುವಿನಲ್ಲಿಯೇ ಅವನಿಗೆ ಬಿಡುಗಡೆಯ ಚೀಟಿ ಸಿಕ್ಕಿತು. ಊರು ತಂಡವನ್ನು ಕಳೆದುಕೊಂಡ ವರ್ಷವೇ ಅವನು ಆಟವನ್ನು ಕಳೆದುಕೊಂಡ. ಮರುವರ್ಷ ಡಾಡ್ಜರ್ಸ್ ಅವನಿಗೆ ಎಳೆಯರನ್ನು ಹುಡುಕುವ ಕೆಲಸ ಕೊಟ್ಟಿತು. ಆಮೇಲೆ ಆಗ್ಡನ್, ಸ್ಪೋಕೇನ್, ಆಲ್ಬಕರ್ಕಿ ಎಂದು ಚಿಕ್ಕ ಊರುಗಳಲ್ಲಿ ಹುಡುಗರನ್ನು ತಿದ್ದುತ್ತ ಏಳು ವರ್ಷ. ಇವುಗಳಲ್ಲಿ ಸ್ಪೋಕೇನಿನ ತಂಡವೂ ಅವನ ಕಣ್ಣೆದುರಿಗೇ 1971ರ ನಂತರ ಊರು ಬಿಟ್ಟು ಆಲ್ಬಕರ್ಕಿಗೆ ಹೋಯಿತು. ಅನಂತರ ಆಲ್ಸ್ಟನ್ನನ ಕೈಕೆಳಗೆ ನಾಲ್ಕು ಋತು. 1976ರಲ್ಲಿ ಆಲ್ಸ್ಟನ್ ಇಳಿದಾಗ ಲಸೋರ್ಡ ಮ್ಯಾನೇಜರನಾದ. 1996ರವರೆಗೂ ಅಲ್ಲಿಯೇ ಇದ್ದ. ಎಂದರೆ 1954ರಿಂದ 1996ರವರೆಗೆ, ನಾಲ್ವತ್ತೆರಡು ವರ್ಷ, ಡಾಡ್ಜರ್ಸ್ ತಂಡವನ್ನು ನಡೆಸಿದವರು ಇಬ್ಬರೇ, ಇಬ್ಬರೂ ಮಾಂಟ್ರಿಯಲ್ಲಿನಲ್ಲಿ ಪಳಗಿದವರು. ಒಡೆಯ ಹೊಲವನ್ನು ಬಿಟ್ಟ. ಅಲ್ಲಿ ಬೆಳೆದ ಕಾಳನ್ನು ಮುಂದೆ ಮೂವತ್ತಾರು ವರ್ಷ ಉಂಡ.

ಹಿಂದಿರುಗಿದವರು

ಮಾಂಟ್ರಿಯಲ್ಲಿಗೆ ಎಂಟು ಋತು ದೊಡ್ಡ ತಂಡವಿರಲಿಲ್ಲ. 1969ರಲ್ಲಿ ‘ಎಕ್ಸ್‌ಪೋಸ್’ ಎಂಬ ಮೇಜರ್ ಲೀಗ್ ತಂಡವೇ ಹುಟ್ಟಿತು. ಆಗ ಹಳೆಯ ತಂಡದ ಕೆಲವರು ತಿರುಗಿ ಬಂದರು, ದಾಂಡು ಹಿಡಿದಲ್ಲ, ಮಾತು ಹಿಡಿದು. 1945ರಲ್ಲಿ ರಾಯಲ್ಸ್ ಪರವಾಗಿ 25 ಪಂದ್ಯ ಗೆದ್ದಿದ್ದ ಊರಿನ ಮಗ ಜ್ಯಾಂ-ಪಿಯೇರ್ ರುವಾ ಮೇಜರ್ ಲೀಗಿನಲ್ಲಿ ಆಡಿದ್ದು ಮೂರೇ ಪಂದ್ಯ. ಅವನು ಈಗ ಎಕ್ಸ್‌ಪೋಸ್ ಆಟಗಳನ್ನು ಫ್ರೆಂಚ್ ಭಾಷೆಯಲ್ಲಿ ವಿವರಿಸುವ ಕಂಠವಾದ. 1948ರಲ್ಲಿ ಇಲ್ಲಿ ಆಡಿ ಬ್ರೂಕ್ಲಿನ್ನಿನಲ್ಲಿ ಮೆರೆದ ಡ್ಯೂಕ್ ಸ್ನೈಡರ್ 1973ರಿಂದ ಇಂಗ್ಲಿಷಿನಲ್ಲಿ ಅದೇ ಕೆಲಸ ಮಾಡಿದ. ರುವಾ 2014ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ.

ಇನ್ನೊಬ್ಬನೂ ಹಿಂದಿರುಗಿದ, ಆದರೆ ಎದುರಾಳಿಯಾಗಿ. 1981ರಲ್ಲಿ ಎಕ್ಸ್‌ಪೋಸ್ ವರ್ಲ್ಡ್ ಸೀರೀಸಿನ ಹೊಸ್ತಿಲಿಗೆ ಬಂದಿತ್ತು, ಇನ್ನೊಂದೇ ಪಂದ್ಯ. ಎದುರಿಗಿದ್ದದ್ದು ಲಸೋರ್ಡನ ಡಾಡ್ಜರ್ಸ್. ಅಕ್ಟೋಬರ್ 19, ಸೋಮವಾರ, ಒಲಿಂಪಿಕ್ ಸ್ಟೇಡಿಯಂ. 1–1 ಸಮ. ಕೊನೆಯ ಇನ್ನಿಂಗ್ಸಿನಲ್ಲಿ ಡಾಡ್ಜರ್ಸ್‌ನ ರಿಕ್ ಮಂಡೆ ಹೊಡೆದ ಚೆಂಡು ಬೇಲಿ ದಾಟಿತು, 2–1. ಆ ಊರಿನವರು ಅದನ್ನು ಇಂದಿಗೂ ‘ಬ್ಲೂ ಮಂಡೇ’ ಎಂದೇ ನೆನೆಯುತ್ತಾರೆ. ಎಕ್ಸ್‌ಪೋಸ್ ಮತ್ತೆಂದೂ ಆ ಹೊಸ್ತಿಲಿಗೆ ಬರಲಿಲ್ಲ. ಒಂದು ಕಾಲದಲ್ಲಿ ಈ ಊರಿಗಾಗಿ 107 ಪಂದ್ಯ ಗೆದ್ದವನೇ ಈ ಊರಿನಿಂದ ಆ ಒಂದು ಪಂದ್ಯವನ್ನು ಕಸಿದುಕೊಂಡ. ಅವನನ್ನು ದೂರುವಂತಿಲ್ಲ. ಉಂಡ ಮನೆಗೆ ಎರಡು ಬಗೆದವನಲ್ಲ ಅವನು. ಉಂಡದ್ದು ಮಾಂಟ್ರಿಯಲ್ಲಿನಲ್ಲಿಯಾದರೂ ಅನ್ನ ಡಾಡ್ಜರ್ಸ್‌ನದು. ಹೊಲದ ಪದ್ಧತಿಯ ಕಹಿ ಸತ್ಯ ಇಷ್ಟೆ: ಬೆಳೆದವನ ಪ್ರೀತಿಗೆ ಪಟ್ಟಾ ಇಲ್ಲ. 2006ರಲ್ಲಿ ಕೆನಡಾದ ಬೇಸ್‌ಬಾಲ್ ಕೀರ್ತಿಮಂದಿರ ಲಸೋರ್ಡನನ್ನು ತನ್ನವನೆಂದು ಸೇರಿಸಿಕೊಂಡಿತು. 2021ರ ಜನವರಿಯಲ್ಲಿ ಅವನು ತೀರಿಕೊಂಡ.

2004ರ ನಂತರ ಎಕ್ಸ್‌ಪೋಸ್ ಕೂಡ ಮಾಂಟ್ರಿಯಲ್ ಬಿಟ್ಟು ವಾಷಿಂಗ್ಟನ್ನಿಗೆ ಹೋಯಿತು. ಅದರ ಯೂಪ್ಪಿ ಎಂಬ ಕೆಂಚು ಕೂದಲಿನ ವೇಷದ ಗೊಂಬೆ ಮಾತ್ರ ಊರು ಬಿಡಲಿಲ್ಲ. ಮರುವರ್ಷ ಊರಿನ ಹಾಕಿ ತಂಡ ಅದಕ್ಕೆ ಕೆಲಸ ಕೊಟ್ಟಿತು. ರಾಯಲ್ಸ್ ಆಡುತ್ತಿದ್ದ ಡಿಲೋರಿಮಿಯೇ ಮೈದಾನ ನೆಲಸಮವಾಗಿ ಬಹಳ ಕಾಲವಾಯಿತು. ಅಲ್ಲಿ ಈಗ ಒಂದು ಶಾಲೆಯಿದೆ. ಮೇಲಿನ ಮೆಟ್ಟಿಲಿಗಾಗಿ ಮಕ್ಕಳನ್ನು ತಯಾರು ಮಾಡಿ, ಹೋಗಲು ಬಿಡುವುದೇ ಆ ನೆಲದ ಕಸುಬು ಇಂದಿಗೂ.