ಯಾರೂ ಕೇಳದ ಹಾಡು

ಅಮೃತಹಳ್ಳಿಯ ಬೀದಿಯಲ್ಲಿ ಧ್ವನಿವರ್ಧಕ ಮೊಳಗಿದರೆ ಕಿಟಕಿ ಮುಚ್ಚಿಕೊಳ್ಳಬಹುದು. ಗಣಕಯಂತ್ರದೊಳಗಿನಿಂದಲೇ ಹಾಡು ಹೊರಟರೆ? ಈ ಉಪದ್ರವಕ್ಕೆ ನಾಂದಿ 1995ರಲ್ಲಿ. ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿದ ಆ ವರ್ಷವೇ ಮೈಕ್ರೋಸಾಫ್ಟ್‌ನ ಎಕ್ಸ್‌ಪ್ಲೋರರ್, ಪುಟ ತೆರೆದೊಡನೆ ಸಂಗೀತ ನುಡಿಸುವ ‘ಬಿಜಿಸೌಂಡ್’ ಸಂಕೇತವನ್ನು ತಂದಿತು.

ಕಣ್ಣಿದ್ದವರಿಗೆ ಅದು ಬರೀ ಕಿರಿಕಿರಿ. ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನೇ ನೆಚ್ಚಿದ ಅಂಧರಿಗೆ ಮಾತ್ರ ದಾರಿಯೇ ಬಂದ್. ಆ ದನಿ ಹಾಡಿನಡಿ ಹೂತುಹೋದರೆ, ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಹೇಳುವವರಾರು? ಅದಕ್ಕೇ 2008ರ ಅಂತರರಾಷ್ಟ್ರೀಯ ಜಾಲತಾಣ ಮಾರ್ಗಸೂಚಿಯು, ತಾನಾಗಿ 3 ಸೆಕೆಂಡಿಗೂ ಹೆಚ್ಚು ನುಡಿಯುವ ಸದ್ದನ್ನು ನಿಲ್ಲಿಸುವ ಇಲ್ಲವೇ ತಗ್ಗಿಸುವ ಉಪಾಯ ಇರಲೇಬೇಕೆಂದಿತು.

ಗೂಗಲ್‌ನ ಕ್ರೋಮ್ ಎಚ್ಚೆತ್ತದ್ದು ಇನ್ನೂ ತಡವಾಗಿ. ಬಳಕೆದಾರ ಕ್ಲಿಕ್ ಮಾಡುವ ತನಕ ಇಂಥ ಬಹುಪಾಲು ಸದ್ದನ್ನು ಅದು ತಡೆಯತೊಡಗಿದ್ದು 2018ರಲ್ಲಿ. ಆದರೂ ನುಸುಳಿ ಬಂದ ಹಾಡಿದ್ದರೆ, ಆ ಟ್ಯಾಬಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಮ್ಯೂಟ್’ ಆರಿಸಿದರೆ ಸಾಕು.