ಗೋಡೆಗೂ ಉಸಿರು ಬೇಕು: ಮಂಗಳೂರಿನ ಸುಣ್ಣದ ಗಾರೆಯ ಕಥೆ

ಇವತ್ತಿನ ವಿಷಯ ಗೋಡೆಗೆ ಬಳಿಯುವ ಗಾರೆ. ಕೇಳೋಕೆ ಬೋರ್ ಅನ್ನಿಸಬಹುದು. ಆದ್ರೆ ಪ್ರತಿ ಮಳೆಗಾಲದಲ್ಲಿ ನಿಮ್ಮನೆ ಗೋಡೆಯ ಪೇಂಟ್ ಗುಳ್ಳೆ ಎದ್ದು ಉದುರ್ತಾ ಇದ್ರೆ, ಇದು ನಿಮ್ಮದೇ ಕಥೆ.

ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತೆ. ಇಂಥ ಊರಲ್ಲಿ ಹಳಬರು ಮನೆ ಕಟ್ಟಿದ್ದು ಮುರಕಲ್ಲಿನಿಂದ, ಅಂದ್ರೆ ನಾವು ಕೆಂಪುಕಲ್ಲು ಅಂತೇವಲ್ಲ, ಅದರಿಂದ. ಈ ಕಲ್ಲಲ್ಲಿ ಸಣ್ಣ ಸಣ್ಣ ತೂತು ತುಂಬಾ. ನೀರು ಹೀರಿಕೊಳ್ಳುತ್ತೆ. ಹೀರಿದ ನೀರು ಹೊರಗೆ ಹೋಗ್ಬೇಕಲ್ಲ? ಅದಕ್ಕೆ ದಾರಿ ಬಿಟ್ಟದ್ದು ಸುಣ್ಣದ ಗಾರೆ.

ಸುಣ್ಣ ಎಲ್ಲಿಂದ ಬರ್ತಿತ್ತು? ಕರಾವಳಿಯಲ್ಲಿ ಬಹಳಷ್ಟು ಚಿಪ್ಪಿನಿಂದ. ನಾವು ಮರುವಾಯಿ ಸುಕ್ಕ ಮಾಡಿ ತಿಂದು ಎಸೆಯುವ ಚಿಪ್ಪು ಉಂಟಲ್ಲ, ಅದೂ ಸುಣ್ಣವೇ. ಅಳಿವೆಯ ಚಿಪ್ಪನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಶಾಖಕ್ಕೆ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತೆ. ಉಳಿದದ್ದು ಸುಟ್ಟ ಸುಣ್ಣ. ನೀರು ಹಾಕಿದ್ರೆ ಕೊತಕೊತ ಕುದಿದು ಅರಳುತ್ತೆ. ಮರಳು ಬೆರೆಸಿ ಗೋಡೆಗೆ ಬಳಿದರೆ, ಗಾಳಿಯಲ್ಲಿರುವ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ವಾಪಸ್ ಹೀರಿ ಮತ್ತೆ ಕಲ್ಲಾಗುತ್ತೆ. ಚಿಪ್ಪು ಸುಣ್ಣವಾಗಿ, ಸುಣ್ಣ ಮತ್ತೆ ಕಲ್ಲಾಗುವ ಈ ಚಕ್ರ ಅಡಿಕೆ-ವೀಳ್ಯದ ಜೊತೆ ದಿನಾ ಸುಣ್ಣ ತಿಂದ ಹಿರಿಯರಿಗೆ ಹೊಸತೇನಲ್ಲ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸುವ ಪದ್ಧತಿ ದಕ್ಷಿಣ ಭಾರತದ ಹಲವೆಡೆ ಇತ್ತು.

ಇದರ ಮೇಲೆ ಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮಂಗಳೂರು ಹೆಂಚು ದೇಶ ವಿದೇಶಕ್ಕೆ ಹೋಯ್ತು. ಮಾಡಿನ ಉದ್ದ ಇಳಿಜಾರು ಗೋಡೆಗೆ ಕೊಡೆ ಹಿಡಿಯಿತು, ಸುಣ್ಣ ಅದಕ್ಕೆ ಉಸಿರು ಕೊಟ್ಟಿತು. ಎರಡೂ ಸೇರಿಯೇ ಕೆಲಸ ಮಾಡಿದ್ದು.

ಈಗ ಬಾವುಟಗುಡ್ಡೆಗೆ ಬನ್ನಿ. ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಬೆರ್ಗಾಮೊ ಹತ್ತಿರದ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಇದರ ಒಳಗೋಡೆ, ಛಾವಣಿಗಳನ್ನು ಚಿತ್ರದಿಂದ ತುಂಬಿದರು. ಕ್ಯಾನ್ವಾಸ್ ಮೇಲೆ ಬರೆದದ್ದೂ ಉಂಟು, ಆದ್ರೆ ಸುಮಾರು 600 ಚದರ ಮೀಟರ್ ಫ್ರೆಸ್ಕೊ. ಫ್ರೆಸ್ಕೊ ಅಂದ್ರೆ ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚುವುದು. ಸುಣ್ಣ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡ್ಕೊಳ್ಳುತ್ತೆ. ಅಂದ್ರೆ ಅಲ್ಲಿ ಚಿತ್ರ ಗೋಡೆಯದ್ದೇ ಭಾಗ. ನೂರಕ್ಕೂ ಹೆಚ್ಚು ಮಂಗಳೂರು ಮಳೆಗಾಲ ಕಂಡ ಬಣ್ಣ ಇನ್ನೂ ಉಂಟು. ಹಾಗಂತ ತೇವಾಂಶ ಅದನ್ನು ಕಾಡಲೇ ಇಲ್ಲ ಅಂತಲ್ಲ. 1990ರ ದಶಕದಲ್ಲಿ ಇಂಟ್ಯಾಕ್ ತಜ್ಞರು ಬಂದು ಸಂರಕ್ಷಣೆ ಮಾಡಬೇಕಾಯ್ತು. ಆದ್ರೆ ರಿಪೇರಿ ಮಾಡೋಕೆ ಏನಾದ್ರೂ ಉಳಿದಿತ್ತು ನೋಡಿ, ಅದೇ ಮುಖ್ಯ.

ಹಾಗಾದ್ರೆ ಸುಣ್ಣ ಯಾಕೆ ಹೋಯ್ತು? ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತಗೊಂಡ್ರು. ಸಿಮೆಂಟ್ ಬೇಗ ಗಟ್ಟಿಯಾಗುತ್ತೆ, ಚೀಲದಲ್ಲಿ ಸಿಗುತ್ತೆ, ಕಬ್ಬಿಣದ ಜೊತೆ ಸೇರಿದ್ರೆ ಹತ್ತು ಮಾಳಿಗೆ ಏರುತ್ತೆ. ಸುಣ್ಣಕ್ಕೆ ಕೊಳೆಯೋಕೆ ಟೈಮ್ ಬೇಕು, ಒಣಗೋಕೆ ಟೈಮ್ ಬೇಕು, ಪಳಗಿದ ಕೈ ಬೇಕು. ಫ್ಲಾಟ್ ಕಟ್ಟೋರಿಗೆ ಇದು ಆಗಲ್ಲ, ಒಪ್ಪೋಣ.

ತೊಂದರೆ ಆಗೋದು ಹಳೆ ಮುರಕಲ್ಲಿನ ಮನೆಗೆ ಸಿಮೆಂಟ್ ಗಾರೆ ಮೆತ್ತಿದಾಗ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬೇರೆ. ನೆಲದಿಂದ ಏರಿದ ತೇವ, ಬಿರುಕಿನಿಂದ ಇಳಿದ ನೀರು ಒಳಗೇ ಸಿಕ್ಕಿ ಬೀಳುತ್ತೆ. ಉಪ್ಪು ಹರಳುಗಟ್ಟಿ ಗಾರೆಯನ್ನು ತಳ್ಳುತ್ತೆ. ಕೊನೆಗೆ ಗಾರೆ ಬೀಳುವಾಗ ಕಲ್ಲಿನ ಮೈಯನ್ನೂ ಕಿತ್ಕೊಂಡು ಬೀಳುತ್ತೆ. ಸುಣ್ಣ ಹಾಗಲ್ಲ, ಕಲ್ಲಿಗಿಂತ ಮೆದು. ಸವೆಯಬೇಕಾದಾಗ ತಾನೇ ಸವೆದು ಕಲ್ಲನ್ನು ಉಳಿಸುತ್ತೆ. ಮಳೆ ನಿಂತ ಮೇಲೆ ಒಂದು ಕೋಟ್ ಸುಣ್ಣ ಬಳಿದ್ರೆ ಸಣ್ಣ ಬಿರುಕೂ ಮುಚ್ಚುತ್ತೆ, ಬೂಷ್ಟೂ ಕಮ್ಮಿ.

ನಾನು ಓದಿದ್ದು ಕಾಮರ್ಸ್, ಹಾಗಾಗಿ ಲೆಕ್ಕ ಹಾಕದೆ ಇರೋಕಾಗಲ್ಲ. ಸಿಮೆಂಟ್ ಬಿಲ್ ಮೊದಲ ದಿನ ಚಿಕ್ಕದು. ಆದ್ರೆ ಎರಡು ಮೂರು ವರ್ಷಕ್ಕೊಮ್ಮೆ ಕೆರೆದು, ಪುಟ್ಟಿ ಹಾಕಿ, ವಾಟರ್‌ಪ್ರೂಫಿಂಗ್ ಮಾಡಿಸುವ ಖರ್ಚನ್ನು ಆ ಬಿಲ್ಲಲ್ಲಿ ಯಾರೂ ಬರೆಯಲ್ಲ. ಇನ್ನೊಂದು ಖರ್ಚು ಊರಿಗೆಲ್ಲ ಸೇರಿದ್ದು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊಗೆಯಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟಿನದ್ದು. ಸುಣ್ಣ ಸುಡುವಾಗಲೂ ಹೊಗೆ ಬರುತ್ತೆ, ಆದ್ರೆ ಬಳಿದ ಮೇಲೆ ಅದರಲ್ಲಿ ಒಂದು ಪಾಲನ್ನು ಗೋಡೆ ವಾಪಸ್ ತಗೊಳ್ಳುತ್ತೆ.

ನಿಮ್ಮ ಅಜ್ಜಿಮನೆ ಹಳೆ ಮುರಕಲ್ಲಿನದ್ದಾದ್ರೆ, ಈ ವರ್ಷ ರಿಪೇರಿ ಮಾತು ಬಂದಾಗ ಮೊದಲು ಮಾಡಿನ ಸೋರಿಕೆ ನಿಲ್ಲಿಸಿ. ಆಮೇಲೆ ಕಂಟ್ರಾಕ್ಟರ್ ಹತ್ರ ಒಂದೇ ಪ್ರಶ್ನೆ ಕೇಳಿ: "ಈ ಗೋಡೆಯ ನೀರು ಹೊರಗೆ ಹೋಗೋದು ಎಲ್ಲಿಂದ?" ಉತ್ತರ ಸಿಗದಿದ್ರೆ, ಸಿಮೆಂಟ್ ಚೀಲ ಬಿಚ್ಚೋಕೆ ಬಿಡ್ಬೇಡಿ.

ಮುಂದಿನ ವಾರ ಸಿಗುವ.