ಈಡಾ ಫೈಫರಳ ಪ್ರಯಾಣಸಿದ್ಧತೆ

ಸಂಸಾರದ ಹೊರೆಯನ್ನು ಇಳಿಸಿದ ಮೇಲೆ ದೂರದೇಶಕ್ಕೆ ಹೊರಡಬೇಕೆಂಬ ಬಯಕೆಯು ನಮ್ಮ ಜನಕ್ಕೆ ಹೊಸದಲ್ಲ. ರೈಲುಗಾಡಿಯು ಬರುವುದಕ್ಕೆ ಮೊದಲು ಕನ್ನಡನಾಡಿನಿಂದ ಕಾಶಿಗೆ ಹೊರಡುತ್ತಿದ್ದ ವೃದ್ಧರು ಮಕ್ಕಳ ಮದುವೆಗಳನ್ನು ಮುಗಿಸಿ, ಸಾಲಸೋಲಗಳನ್ನು ತೀರಿಸಿ, ಮನೆಯ ಯಜಮಾನಿಕೆಯನ್ನು ಹಿರಿಯ ಮಗನಿಗೆ ಒಪ್ಪಿಸಿ, ತಿರುಗಿ ಬಂದರೆ ಅದೇ ಪುಣ್ಯವೆಂದು ಬಂಧುಗಳನ್ನು ಬೀಳ್ಕೊಳ್ಳುತ್ತಿದ್ದರು. ಈಗಲಾದರೋ ಉದ್ಯೋಗದಿಂದ ನಿವೃತ್ತರಾದವರು ಬೆನ್ನಿಗೊಂದು ಚೀಲವನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಪರದೇಶಗಳಲ್ಲಿ ಸಂಚರಿಸುವುದನ್ನು ಕಾಣುತ್ತೇವೆ. ಆ ಯಾತ್ರಿಕರ ಗುರಿ ಬೇರೆ, ಈ ಪ್ರವಾಸಿಗಳ ಗುರಿ ಬೇರೆ; ಆದರೆ ಹೊರಡುವ ಮುನ್ನ ಇಬ್ಬರನ್ನೂ ಕಾಡುವ ಪ್ರಶ್ನೆಗಳು ಒಂದೇ. ಏನನ್ನು ಕೊಂಡೊಯ್ಯಬೇಕು? ಏನನ್ನು ಬಿಟ್ಟುಹೋಗಬೇಕು? ‘ಈ ವಯಸ್ಸಿನಲ್ಲಿ ಇದೇಕೆ?’ ಎಂದು ಕೇಳುವ ಮಕ್ಕಳಿಗೆ ಏನೆಂದು ಉತ್ತರ ಕೊಡಬೇಕು?

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ವಿಯೆನ್ನಾ ನಗರದ ಒಬ್ಬ ಗೃಹಿಣಿಯು ಈ ಪ್ರಶ್ನೆಗಳನ್ನು ತನ್ನ ಬಾಳಿನಲ್ಲಿಯೇ ಬಿಡಿಸಿ ತೋರಿಸಿದಳು. ಈಡಾ ಫೈಫರ್ ಎಂಬ ಈಕೆಯು ನಲವತ್ತನಾಲ್ಕು ವರ್ಷ ವಯಸ್ಸಿನವರೆಗೆ ಮನೆವಾರ್ತೆಯಲ್ಲಿಯೇ ಮುಳುಗಿದ್ದು, ಅನಂತರದ ಹದಿನಾರು ವರ್ಷಗಳಲ್ಲಿ ಭೂಮಂಡಲವನ್ನು ಎರಡು ಸಲ ಸುತ್ತಿ ಬಂದಳು. ಆಕೆಯ ಸಾಹಸಗಳನ್ನು ವರ್ಣಿಸಿದವರು ಅನೇಕರಿದ್ದಾರೆ. ಆ ಸಾಹಸಗಳಿಗೆ ಹಿಂದಿದ್ದ ಸಿದ್ಧತೆಯನ್ನು ವಿಚಾರಿಸುವುದು ನಮ್ಮ ಉದ್ದೇಶ.

ಈಡಾ ಹುಟ್ಟಿದುದು ೧೭೯೭ನೆಯ ಇಸವಿ ಅಕ್ಟೋಬರ್ ೧೪ರಂದು. ತಂದೆಯಾದ ರೆಯರನು ಬಟ್ಟೆಯ ಕಾರಖಾನೆಯಿಂದ ಐಶ್ವರ್ಯವನ್ನು ಗಳಿಸಿದ್ದವನು. ಆತನು ಮಗಳನ್ನು ಆಕೆಯ ಅಣ್ಣತಮ್ಮಂದಿರೊಡನೆ ಗಂಡುಮಕ್ಕಳ ಉಡುಪಿನಲ್ಲಿಯೇ ಬೆಳೆಯಗೊಟ್ಟನು. ಮನೆಯಲ್ಲಿ ಸಂಪತ್ತಿದ್ದರೂ ಮಕ್ಕಳಿಗೆ ಊಟ ಮಿತ, ಶಿಸ್ತು ಕಠಿಣ. ಆಕೆಗೆ ಒಂಬತ್ತು ವರ್ಷವಾಗುವ ಹೊತ್ತಿಗೆ ತಂದೆಯು ತೀರಿಕೊಂಡನು. ತಾಯಿಯು ಮಗಳಿಗೆ ಹೆಣ್ಣುಡುಗೆಯನ್ನು ತೊಡಿಸಿ, ಹೊಲಿಗೆಗೂ ಪಿಯಾನೋ ವಾದನಕ್ಕೂ ಕೂರಿಸಿದಳು. ಹುಡುಗಿಯ ಮನಸ್ಸು ಅದಕ್ಕೆ ಒಗ್ಗಲಿಲ್ಲ. ಕೆಲವು ಕಾಲದ ಮೇಲೆ ಮನೆಗೆ ಪಾಠ ಹೇಳಲು ಬಂದ ಒಬ್ಬ ತರುಣ ಉಪಾಧ್ಯಾಯನು ಆಕೆಗೆ ಭೂಗೋಳದಲ್ಲಿಯೂ ಪ್ರವಾಸಗ್ರಂಥಗಳಲ್ಲಿಯೂ ರುಚಿ ಹತ್ತಿಸಿದನು. ಇಬ್ಬರಲ್ಲಿಯೂ ಪ್ರೇಮವಂಕುರಿಸಿತು, ತಾಯಿಯು ಒಪ್ಪಲಿಲ್ಲ. ಕಡೆಗೆ ೧೮೨೦ರಲ್ಲಿ, ತನಗಿಂತ ಇಪ್ಪತ್ತನಾಲ್ಕು ವರ್ಷ ಹಿರಿಯನೂ ವಿಧುರನೂ ಆಗಿದ್ದ ಫೈಫರ್ ಎಂಬ ವಕೀಲನನ್ನು ಮದುವೆಯಾಗಿ ಈಡಾ ಲೆಂಬೆರ್ಗ್ ನಗರಕ್ಕೆ ಹೋದಳು. ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಈಗ ಉಕ್ರೇನ್ ದೇಶದಲ್ಲಿ ಲ್ವಿವ್ ಎಂಬ ಹೆಸರಿನಿಂದಿದೆ.

ಫೈಫರನು ಪ್ರಾಮಾಣಿಕನು. ಸರಕಾರಿ ಅಧಿಕಾರಿಗಳು ಲಂಚ ತಿನ್ನುತ್ತಿದ್ದುದನ್ನು ಆತನು ಬಯಲಿಗೆಳೆದನು. ಅದರ ಫಲವಾಗಿ ಆತನ ಉದ್ಯೋಗವೇ ಹೋಯಿತು. ಎಲ್ಲಿಗೆ ಹೋದರೂ ಅಧಿಕಾರಿವರ್ಗದ ಹಗೆತನವು ಬೆನ್ನು ಬಿಡಲಿಲ್ಲ. ಸಿರಿವಂತರ ಮಗಳಾದ ಈಡಾ ಮನೆಗೆಲಸವನ್ನೆಲ್ಲ ತಾನೇ ಮಾಡಿ, ನೆಂಟರಿಗೆ ತಿಳಿಯದಂತೆ ಸಂಗೀತ ಮತ್ತು ಚಿತ್ರಲೇಖನದ ಪಾಠಗಳನ್ನು ಹೇಳಿಕೊಟ್ಟು ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಮಕ್ಕಳ ಮುಂದಿಡಲು ಒಣರೊಟ್ಟಿಯ ಹೊರತು ಮತ್ತೇನೂ ಇಲ್ಲದ ದಿನಗಳೂ ಇದ್ದುವು. ೧೮೩೧ರಲ್ಲಿ ತಾಯಿಯು ತೀರಿಕೊಂಡಾಗ ಕೈಗೆ ಸ್ವಲ್ಪ ಹಣ ಬಂದಿತು. ಅದನ್ನು ಆಕೆಯು ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೇ ವಿನಿಯೋಗಿಸಿ, ಅವರೊಡನೆ ವಿಯೆನ್ನಾ ನಗರದಲ್ಲಿ ಬಂದು ನೆಲಸಿದಳು.

ಈ ವರ್ಷಗಳನ್ನು ಬರಿಯ ದುಃಖದ ಕಥೆಯೆಂದು ದಾಟಿಹೋಗಬಾರದು. ಮುಂದೆ ಆಕೆಗೆ ಒದಗಿದ ಗುಣಗಳೆಲ್ಲ ಈ ಅಡುಗೆಮನೆಯಲ್ಲಿಯೇ ಮೈಗೂಡಿದುವು. ಕೈಯಲ್ಲಿರುವ ಕಾಸಿನಲ್ಲಿಯೇ ದಿನವನ್ನು ಕಳೆಯುವುದು, ಸಿಕ್ಕಿದುದನ್ನು ತಿನ್ನುವುದು, ಎಲ್ಲೆಂದರಲ್ಲಿ ಮಲಗುವುದು, ನಾಲ್ಕು ಜನರ ಮಾತಿಗೆ ಎದೆಗುಂದದಿರುವುದು, ಇವುಗಳನ್ನು ಕಲಿಸುವ ಶಾಲೆಯು ಬಡತನಕ್ಕಿಂತ ಬೇರೊಂದಿಲ್ಲ. ಬಡತನವನ್ನು ಯಾರೂ ಕೋರಿ ತಂದುಕೊಳ್ಳುವುದಿಲ್ಲವಷ್ಟೆ. ಬಂದುದರಿಂದ ಕಲಿತವರು ವಿರಳ. ಈಡಾ ಆ ವಿರಳರಲ್ಲೊಬ್ಬಳು.

ಬಯಕೆಯಾದರೋ ಬತ್ತಿರಲಿಲ್ಲ. ಒಮ್ಮೆ ಮಗನೊಡನೆ ಟ್ರಿಯೆಸ್ಟ್ ಎಂಬ ರೇವುಪಟ್ಟಣಕ್ಕೆ ಹೋದಾಗ ಆಕೆಯು ಮೊದಲ ಬಾರಿಗೆ ಸಮುದ್ರವನ್ನು ಕಂಡಳು. ಬಾಲ್ಯದ ಆಸೆಯು ಮತ್ತೆ ಕೆರಳಿತು. ಆದರೂ ಮಕ್ಕಳಿಬ್ಬರೂ ತಮ್ಮ ಕಾಲಮೇಲೆ ತಾವು ನಿಲ್ಲುವವರೆಗೆ ಆಕೆಯು ಕದಲಲಿಲ್ಲ. ಕರ್ತವ್ಯವು ಮೊದಲು, ಬಯಕೆಯು ಆಮೇಲೆ ಎಂಬುದು ಆಕೆಯ ನಿಶ್ಚಯ. ಕಾದ ಬಯಕೆಯು ಸಾಯಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಈ ಬಾಳು ಒಳ್ಳೆಯ ಸಾಕ್ಷಿಯಾಗಿದೆ.

೧೮೪೨ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಆಕೆಯು ಹೊರಟಳು. ಅದಕ್ಕೆ ಮುಂಚೆ ನಡೆದ ಸಿದ್ಧತೆಯನ್ನು ಮೂರು ವಿಧವಾಗಿ ವಿಂಗಡಿಸಬಹುದು. ಮೊದಲನೆಯದು ಮನೆಯ ವಿಚಾರ: ಆಕೆಯು ಮರಣಶಾಸನವನ್ನು ಬರೆದಿಟ್ಟು, ತಾನು ಹಿಂದಿರುಗದಿದ್ದರೆ ಮಕ್ಕಳಿಗೆ ತೊಡಕಾಗದಂತೆ ಎಲ್ಲವನ್ನೂ ವ್ಯವಸ್ಥೆಗೊಳಿಸಿದಳು. ಎರಡನೆಯದು ಹಣದ ವಿಚಾರ: ಬಹುಕಾಲದಿಂದ ಉಳಿಸಿಟ್ಟುದು ಅಲ್ಪ, ಆದುದರಿಂದ ಸೇವಕರನ್ನೂ ಒಳ್ಳೆಯ ವಸತಿಗಳನ್ನೂ ಆಕೆಯು ಲೆಕ್ಕದಿಂದಲೇ ತೆಗೆದುಹಾಕಿದಳು. ಮೂರನೆಯದು ಜನರ ಬಾಯಿಯ ವಿಚಾರ. ಆ ಕಾಲದಲ್ಲಿ ಮಧ್ಯವಯಸ್ಸನ್ನು ದಾಟುತ್ತಿದ್ದ ಹೆಂಗಸು ಒಬ್ಬಳೇ ಪರದೇಶಕ್ಕೆ ಹೋಗುವುದೆಂದರೆ ಹುಚ್ಚೆಂದೇ ಎಣಿಕೆ. ಆಕೆಯು ವಾದಕ್ಕೆ ನಿಲ್ಲಲಿಲ್ಲ. ಕಾನ್ಸ್ಟಾಂಟಿನೋಪಲಿನಲ್ಲಿರುವ ಗೆಳತಿಯೊಬ್ಬಳನ್ನು ನೋಡಿಬರುವೆನೆಂದು ಹೇಳಿ ಬೀಳ್ಕೊಂಡಳು. ನಿಜವಾದ ಗುರಿ ಜೆರೂಸಲೇಮ್.

ಕಾಲವೂ ಆಕೆಗೆ ಅನುಕೂಲವಾಗಿತ್ತು. ಡ್ಯಾನ್ಯೂಬ್ ನದಿಯ ಹೊಗೆಹಡಗಿನ ಕಂಪೆನಿಯು ೧೮೨೯ರಲ್ಲಿ ಸ್ಥಾಪಿತವಾಗಿದ್ದು, ವಿಯೆನ್ನಾದಿಂದ ಕಪ್ಪುಸಮುದ್ರದವರೆಗೆ ನೀರಿನ ದಾರಿ ಸುಗಮವಾಗಿತ್ತು. ಹಡಗಿನಿಂದ ಇಳಿದ ಮೇಲೆ ಮಾತ್ರ ಸೌಲಭ್ಯಗಳು ಮುಗಿದುವು. ತುರ್ಕಿ ದೇಶದಲ್ಲಿ ಬ್ರೂಸಾ ನಗರಕ್ಕೆ ಹೊರಟಿದ್ದ ಕೆಲವು ಪ್ರವಾಸಿಗಳು ಆಕೆಯನ್ನು ತಮ್ಮೊಡನೆ ಕರೆದು, ಕುದುರೆಯೇರಬಲ್ಲೆಯಾ ಎಂದು ವಿಚಾರಿಸಿದರಂತೆ. ಅಭ್ಯಾಸವಿಲ್ಲವೆನ್ನಲು ನಾಚಿ ಹೌದೆಂದ ಈಡಾ, ಆ ದಿನವೇ ಸವಾರಿಯನ್ನು ದಾರಿಯಲ್ಲಿ ಕಲಿತಳು. ಪ್ಯಾಲೆಸ್ತೈನ್, ಈಜಿಪ್ಟ್, ಇಟಲಿಗಳನ್ನು ನೋಡಿ ಆ ವರ್ಷದ ಡಿಸೆಂಬರಿನಲ್ಲಿ ಮನೆಗೆ ಬಂದಳು.

ಪ್ರಯಾಣದ ಉದ್ದಕ್ಕೂ ಆಕೆಯು ದಿನಚರಿಯನ್ನು ಬರೆದಿದ್ದಳು. ಪ್ರಕಾಶಕನೊಬ್ಬನು ಅದನ್ನು ಅಚ್ಚುಹಾಕಲು ಮುಂದೆ ಬಂದನು. ಹೆಂಗಸಿನ ಹೆಸರು ಹೊರಬೀಳಬಾರದೆಂಬ ಸಂಕೋಚದಿಂದ ಮೊದಲು ಅದು ಅನಾಮಧೇಯವಾಗಿಯೇ ಪ್ರಕಟವಾಯಿತು. ಜನರು ಆದರದಿಂದ ಓದಿದರು. ಬಂದ ಹಣದಿಂದ ಮುಂದಿನ ಪ್ರಯಾಣದ ದಾರಿ ತೆರೆಯಿತು. ಒಂದು ಯಾತ್ರೆಯ ಫಲವೇ ಇನ್ನೊಂದು ಯಾತ್ರೆಯ ಬೀಜವಾಯಿತು.

ಎರಡನೆಯ ಗುರಿಯಾದ ಐಸ್‌ಲೆಂಡಿಗೆ ಆಕೆಯು ೧೮೪೫ರಲ್ಲಿ ಹೊರಟಳು. ಈ ಸಲದ ಸಿದ್ಧತೆಯು ಮೊದಲಿನದಕ್ಕಿಂತ ಮೇಲ್ತರಗತಿಯದು. ಐವತ್ತರ ಹತ್ತಿರಕ್ಕೆ ಬಂದಿದ್ದ ಈಡಾ ವಿದ್ಯಾರ್ಥಿನಿಯಂತೆ ಕುಳಿತು ಇಂಗ್ಲಿಷ್ ಮತ್ತು ಡೇನಿಷ್ ಭಾಷೆಗಳನ್ನು ಕಲಿತಳು. ಐಸ್‌ಲೆಂಡ್ ಆಗ ಡೆನ್ಮಾರ್ಕಿನ ಆಳ್ವಿಕೆಯಲ್ಲಿತ್ತಾದುದರಿಂದ ಡೇನಿಷ್ ಮಾತು ಅಲ್ಲಿ ಬೇಕಾಗಿತ್ತು. ಫ್ರಾನ್ಸಿನಲ್ಲಿ ಡಾಗೆರನು ಪ್ರಕಟಪಡಿಸಿ ಇನ್ನೂ ಆರು ವರ್ಷವಷ್ಟೇ ಆಗಿದ್ದ ಛಾಯಾಚಿತ್ರದ ವಿದ್ಯೆಯನ್ನು ಅಭ್ಯಾಸಮಾಡಿದಳು. ಗಿಡಮೂಲಿಕೆಗಳನ್ನೂ ಕ್ರಿಮಿಕೀಟಗಳನ್ನೂ ಕೆಡದಂತೆ ಕಾಪಾಡುವ ಕ್ರಮವನ್ನು ತಿಳಿದುಕೊಂಡಳು. ಐಸ್‌ಲೆಂಡಿನಲ್ಲಿ ಬಿಸಿನೀರಿನ ಬುಗ್ಗೆಗಳನ್ನು ಕಂಡು, ಹೆಕ್ಲಾ ಎಂಬ ಅಗ್ನಿಪರ್ವತವನ್ನು ಹತ್ತಿ, ತಂದ ವಸ್ತುಗಳನ್ನು ಮಾರಿ ಮತ್ತೆ ಹಣ ಕೂಡಿಸಿದಳು. ಪರಿಕರಗಳ ಬದಲು ವಿದ್ಯೆಯನ್ನು ಸಂಗ್ರಹಿಸಿದ ಈ ಬುದ್ಧಿವಂತಿಕೆಯು ಗಮನಾರ್ಹವಾದುದು. ವಿದ್ಯೆಗೆ ಭಾರವಿಲ್ಲ, ಸುಂಕವೂ ಇಲ್ಲ.

ಇಷ್ಟಾದ ಮೇಲೆ ೧೮೪೬ರ ಮೇ ತಿಂಗಳಲ್ಲಿ ಮೊದಲನೆಯ ಭೂಪ್ರದಕ್ಷಿಣೆಯು ಆರಂಭವಾಯಿತು. ಬ್ರೆಜಿಲಿಗೆ ಹೋದ ಆಕೆಯ ಮೇಲೆ ಅಲ್ಲಿ ದಾರಿಯಲ್ಲಿ ಒಬ್ಬನು ಚೂರಿಯಿಂದೆರಗಿದಾಗ, ಕೈಯಲ್ಲಿದ್ದ ಕೊಡೆಯಿಂದಲೂ ಜೇಬಿನ ಸಣ್ಣ ಚಾಕುವಿನಿಂದಲೂ ಕಾದಾಡಿ ಉಳಿದುಕೊಂಡಳು. ಹಾರ್ನ್ ಭೂಶಿರವನ್ನು ಸುತ್ತಿ, ಚಿಲಿ, ತಾಹಿತಿ, ಚೀನಾ, ಸಿಂಗಪುರ, ಸಿಂಹಳಗಳನ್ನು ಕಂಡು ೧೮೪೭ರಲ್ಲಿ ಕಲ್ಕತ್ತೆಗೆ ಬಂದಳು. ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲುಗಾಡಿಯು ಮುಂಬಯಿಯಿಂದ ಠಾಣೆಗೆ ಓಡಿದುದು ೧೮೫೩ರಲ್ಲಿ. ಆದುದರಿಂದ ಈಡಾ ಕಂಡುದು ಎತ್ತಿನ ಗಾಡಿಯ ಹಿಂದೂಸ್ಥಾನವನ್ನು. ಕಾಶಿ, ಆಗ್ರಾ, ದೆಹಲಿಗಳನ್ನು ನೋಡಿದ ಮೇಲೆ ದೆಹಲಿಯಿಂದ ಮುಂಬಯಿಯವರೆಗಿನ ದೀರ್ಘಮಾರ್ಗವನ್ನು ಆಕೆಯು ಎತ್ತಿನ ಬಂಡಿಯಲ್ಲಿಯೂ ಕೋಟಾ ಸಂಸ್ಥಾನದಿಂದ ಮುಂದೆ ಒಂಟೆಯ ಮೇಲೂ ಸಾಗಿದಳು.

ಈ ದಾರಿಗೆ ಆಕೆಯು ಮಾಡಿಕೊಂಡ ಸನ್ನಾಹವನ್ನು ಕೇಳಿದರೆ ಆಶ್ಚರ್ಯವಾಗುವುದು. ನೀರಿಗೊಂದು ತೊಗಲಿನ ಚೀಲ, ಬೇಯಿಸಿಕೊಳ್ಳಲು ಒಂದು ಸಣ್ಣ ಪಾತ್ರೆ, ಹಿಡಿ ಉಪ್ಪು, ಒಂದಿಷ್ಟು ಅಕ್ಕಿ ಮತ್ತು ರೊಟ್ಟಿ. ಆ ಕಾಲದ ಐರೋಪ್ಯರು ಈ ದೇಶದಲ್ಲಿ ಡೇರೆ, ಪಲ್ಲಕ್ಕಿ, ಅಡಿಗೆಯವರು, ಸೇವಕರ ಸಾಲು ಇವುಗಳಿಲ್ಲದೆ ಕದಲುತ್ತಿರಲಿಲ್ಲ. ಭಾರವಿಲ್ಲದವಳಿಗೆ ಕಳ್ಳರ ಭಯ ಕಡಮೆ, ಕೂಲಿಯ ಚಿಂತೆ ಕಡಮೆ. ಊರಿನವರೊಡನೆ ಬೆರೆಯಲು ಅಡ್ಡಿಯೂ ಕಡಮೆ. ಮುಂಬಯಿಯ ದಾರಿಯಲ್ಲಿ ಅಜಂತ ಮತ್ತು ಎಲ್ಲೋರದ ಗುಹೆಗಳನ್ನು ಆಕೆಯು ನೋಡಿದಳು. ಎಲ್ಲೋರದ ಕೈಲಾಸದೇವಾಲಯವು ಕನ್ನಡನಾಡನ್ನಾಳಿದ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ನಿರ್ಮಾಣವಾದುದರಿಂದ, ಈ ವೃತ್ತಾಂತವು ಆ ಒಂದು ಎಡೆಯಲ್ಲಿ ನಮ್ಮ ಚರಿತ್ರೆಯನ್ನೂ ಸೋಕಿ ಹೋಗಿದೆ. ಮುಂಬಯಿಯಿಂದ ಬಾಸ್ರಾ, ಬಾಗ್ದಾದುಗಳಿಗೆ ಹೋಗಿ, ಸಾರ್ಥವಾಹರೊಡನೆ ಮರುಭೂಮಿಯನ್ನೂ ಬೆಟ್ಟಗಳನ್ನೂ ದಾಟಿ, ಪರ್ಷಿಯಾ ರಷ್ಯಾಗಳ ಮಾರ್ಗವಾಗಿ ೧೮೪೮ರ ನವೆಂಬರಿನಲ್ಲಿ ವಿಯೆನ್ನಾವನ್ನು ಸೇರಿದಳು.

ಎರಡನೆಯ ಭೂಪ್ರದಕ್ಷಿಣೆಯು ೧೮೫೧ರಿಂದ ೧೮೫೫ರವರೆಗೆ ನಡೆಯಿತು. ಬೋರ್ನಿಯೋ, ಜಾವಾ, ಸುಮಾತ್ರಾ, ಕ್ಯಾಲಿಫೋರ್ನಿಯಾ, ಪೆರು, ಈಕ್ವಡಾರ್ ಇವೆಲ್ಲವೂ ಇದರಲ್ಲಿ ಸೇರಿದುವು. ಸುಮಾತ್ರಾದಲ್ಲಿ ನರಮಾಂಸಭಕ್ಷಕರೆಂದು ಹೆಸರಾಗಿದ್ದ ಬಟಾಕ್ ಜನರು ಅಡ್ಡಗಟ್ಟಿದಾಗ, ಅವರ ಮಾತಿನಲ್ಲಿ ತಾನು ಮೊದಲೇ ಕಲಿತಿಟ್ಟಿದ್ದ ಎರಡು ಮಾತುಗಳಿಂದ, ತನ್ನಂತಹ ಮುದುಕಿಯ ಮಾಂಸವು ಬಹು ಗಡುಸೆಂದು ತೊದಲಿ ಅವರನ್ನು ನಗಿಸಿ ಪಾರಾದಳು. ವಯಸ್ಸನ್ನೇ ಆಯುಧವನ್ನಾಗಿ ಮಾಡಿಕೊಂಡ ಇಂತಹ ಸಂದರ್ಭವು ಚರಿತ್ರೆಯಲ್ಲಿ ಮತ್ತೊಂದಿರಲಾರದು. ಆ ಹಾಸ್ಯಕ್ಕೂ ಮುಂಚಿತವಾಗಿ ಮಾತು ಕಲಿತ ಸಿದ್ಧತೆಯು ಬೇಕಾಯಿತೆಂಬುದನ್ನು ಮರೆಯಬಾರದು. ಬರ್ಲಿನ್ ಮತ್ತು ಪ್ಯಾರಿಸ್ ನಗರಗಳ ಭೂಗೋಳಸಂಘಗಳು ಆಕೆಯನ್ನು ಗೌರವಸದಸ್ಯಳನ್ನಾಗಿ ಆರಿಸಿದುವು. ಲಂಡನ್ನಿನ ರಾಯಲ್ ಸಂಘವು ಹೆಂಗಸರನ್ನು ಸೇರಿಸುತ್ತಿರಲಿಲ್ಲ. ಅದು ತನ್ನ ಬಾಗಿಲನ್ನು ಸ್ತ್ರೀಯರಿಗೆ ತೆರೆದುದು ೧೯೧೩ರಲ್ಲಿ.

ಆಕೆಯನ್ನು ಸರ್ವಗುಣಸಂಪನ್ನೆಯೆಂದು ಹೊಗಳುವುದು ಚರಿತ್ರೆಗೆ ಅಪಚಾರ. ಕಂಡ ಜನಗಳ ರೂಪವನ್ನೂ ನಡೆನುಡಿಗಳನ್ನೂ ಆಕೆಯು ಯೂರೋಪಿನ ಅಳತೆಗೋಲಿನಿಂದಲೇ ಅಳೆದು, ಅನೇಕ ಕಡೆ ನಿಷ್ಠುರವಾಗಿಯೂ ಅನ್ಯಾಯವಾಗಿಯೂ ಬರೆದಿದ್ದಾಳೆ. ಚೀಲದ ಭಾರವನ್ನು ಇಳಿಸಿದಂತೆ ಪೂರ್ವಗ್ರಹದ ಭಾರವನ್ನು ಇಳಿಸಲು ಆಕೆಯಿಂದ ಆಗಲಿಲ್ಲ. ದೇಹದ ವಿಷಯದಲ್ಲಿಯೂ ಮಿತಿಯು ತಪ್ಪಿತು. ೧೮೫೭ರಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಹೋದಾಗ, ಅಲ್ಲಿಯ ರಾಣಿಯಾದ ರಾನವಲೋನಳ ವಿರುದ್ಧ ಕೆಲವು ಐರೋಪ್ಯರು ನಡೆಸಿದ ಒಳಸಂಚು ಬಯಲಾಗಿ, ಅವರೊಡನಿದ್ದ ಈಡಾ ಕೂಡ ದೇಶದಿಂದ ಹೊರದೂಡಲ್ಪಟ್ಟಳು. ಜ್ವರಪೀಡಿತ ಪ್ರದೇಶಗಳ ಮೂಲಕ ಆ ಜನರನ್ನು ಕಡಲತೀರಕ್ಕೆ ನಿಧಾನವಾಗಿ ಸಾಗಿಸಿದರು. ಅಲ್ಲಿ ಹತ್ತಿದ ಜ್ವರವು ಬಿಡಲಿಲ್ಲ. ೧೮೫೮ರ ಅಕ್ಟೋಬರಿನಲ್ಲಿ, ಅರುವತ್ತೊಂದು ವರ್ಷ ವಯಸ್ಸಿನಲ್ಲಿ, ವಿಯೆನ್ನಾದಲ್ಲಿ ಆಕೆಯು ಕಾಲವಾದಳು. ಕೊನೆಯ ಪ್ರಯಾಣದ ಬರಹವನ್ನು ಮಗನಾದ ಆಸ್ಕರನು ೧೮೬೧ರಲ್ಲಿ ಪ್ರಕಟಪಡಿಸಿದನು.

ಆ ಪ್ರಕಟನೆಯಲ್ಲಿ ಒಂದು ಅರ್ಥವಿದೆ. ತಾಯಿಯು ಮನೆಯನ್ನು ಬಿಟ್ಟುಹೋದಳೆಂದು ಕೊರಗಬಹುದಾಗಿದ್ದ ಮಗನೇ ಆಕೆಯ ಬರಹವನ್ನು ಲೋಕಕ್ಕೆ ಒಪ್ಪಿಸಿದನು. ಕರ್ತವ್ಯವನ್ನು ಪೂರೈಸಿ ಹೊರಟವರ ವಿಷಯದಲ್ಲಿ ಉಳಿದವರ ಮನಸ್ಸು ಹೀಗೆ ತಿಳಿಯಾಗುವುದು ಸಹಜ. ಮನೆಯ ಲೆಕ್ಕವನ್ನು ತೀರಿಸುವುದು, ಅಗತ್ಯಗಳನ್ನು ಕಡಮೆ ಮಾಡಿಕೊಳ್ಳುವುದು, ಹೋಗುವ ನಾಡಿನ ಮಾತನ್ನು ಕಲಿಯುವುದು, ಕಂಡುದನ್ನು ಬರೆದಿಡುವುದು, ಈ ನಾಲ್ಕೇ ಈಡಾ ಫೈಫರಳ ಸಿದ್ಧತೆ. ದೇಹದ ಬಲವನ್ನು ಅರಿತು ನಡೆಯುವುದು, ಪರರನ್ನು ತಮ್ಮ ಅಳತೆಗೋಲಿನಿಂದ ಅಳೆಯದಿರುವುದು, ಈ ಎರಡನ್ನು ಆಕೆಯ ಕೊರತೆಗಳಿಂದ ನಾವು ಸೇರಿಸಿಕೊಳ್ಳಬಹುದು. ಇವುಗಳಲ್ಲಿ ಯಾವುದೂ ಹೊರಡುವ ವಾರದಲ್ಲಿ ಅಂಗಡಿಯಿಂದ ಕೊಂಡು ತರುವಂತಹುದಲ್ಲ. ಆದಕಾರಣ ಮನೆಯ ಹಿರಿಯರು ಭೂಪಟವನ್ನು ಬಿಡಿಸಿಕೊಂಡು ಕುಳಿತರೆ ಕಿರಿಯರು ನಗದೆ, ಅವರು ಕಳೆದ ಮೂವತ್ತು ನಲವತ್ತು ವರ್ಷಗಳ ಸಂಸಾರವೇ ಅವರ ಸಿದ್ಧತೆಯಾಗಿರಬಹುದೆಂಬುದನ್ನು ನೆನೆಯುವುದು ಒಳ್ಳೆಯದು.